ಸೀಮೆಸುಣ್ಣದ ಕಿಟಕಿ

ಜೂನ್ ೯, ಮಂಗಳವಾರ

ಮಕ್ಕಳು ಹತ್ತಿ ಬೀಳದಿರಲೆಂದು ಶಿಶುವಿಹಾರದ ಕಿಟಕಿಗಳನ್ನು ನಾಲ್ಕಡಿ ಎತ್ತರದಲ್ಲಿ ಇಡಿಸಿದವಳು ನಾನೇ. ಅದಕ್ಕೊಂದು ಜಂಬ ಬೇರೆ. ಇವತ್ತು ಆಯಾ ಆ ಜಂಬವನ್ನು ಇಳಿಸಿದರು.

"ಮೇಡಂ, ಒಂದ್ಸಲ ಮಂಡಿಯೂರಿ ನೋಡಿ. ಅಮ್ಮ ಹೋಗೋದೂ ಕಾಣಲ್ಲ, ಬರೋದೂ ಕಾಣಲ್ಲ. ಮಕ್ಕಳು ಅಳದೆ ಇನ್ನೇನ್ ಮಾಡ್ತಾವೆ?"

ಮಂಡಿಯೂರಿದೆ. ಕಂಡದ್ದು ಬರೀ ಗೋಡೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ನಾಳೆಯೇ ಗೋಡೆ ಒಡೆದು, ಕೆಳಗೆ ತೆರೆಯಲು ಬಾರದ ದಪ್ಪ ಗಾಜು ಕೂರಿಸಲು ಮೇಸ್ತ್ರಿಯನ್ನು ಒಪ್ಪಿಸಿದೆ. ಅತ್ತು ಮುಖ ಕೆಂಪಾಗಿದ್ದ ಪುಟಾಣಿಯೊಬ್ಬಳನ್ನು ಗೋಡೆಯ ಪಕ್ಕ ನಿಲ್ಲಿಸಿ, ಹೊಸ ಕಿಟಕಿಯ ಕೆಳಅಂಚಿಗೆಂದು ಅವಳ ಎದೆಮಟ್ಟಕ್ಕೆ ಸೀಮೆಸುಣ್ಣದ ಗೆರೆ ಎಳೆದೆ.

"ಇಲ್ಲಿ ಅಮ್ಮ ಕಾಣ್ತಾಳಾ?" ಎಂದಳು.

"ನಾಳೆಯಿಂದ ಕಾಣ್ತಾಳೆ ಪುಟ್ಟಿ."

ಸಂಜೆ ಹೊರಡುವಾಗ ನೋಡಿದರೆ, ಅವಳು ಗೊಂಬೆಯನ್ನು ಆ ಗೆರೆಯ ಮೇಲಕ್ಕೆ ಎತ್ತಿ ಹಿಡಿದು, "ನೋಡು, ಅಮ್ಮ ಬರ್ತಿದ್ದಾಳೆ" ಎನ್ನುತ್ತಿದ್ದಳು.

ನಾಳೆ ಮೇಸ್ತ್ರಿ ಕೈಕೊಟ್ಟರೆ ಸುತ್ತಿಗೆ ಹಿಡಿದು ನಾನೇ...