ಎರಡು ಬೆರಳು ಬಟ್ಟೆ

ಹೊಲಿಗೆ ಅಂಗಡಿ, ಕಿಟಕಿಯ ಪಕ್ಕ
ಏಳನೇ ತಾರೀಖು, ಸೋಮವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯಾ? ಬಾಣಂತಿ ಮಗಳು, ಪುಟ್ಟ ಮೊಮ್ಮಗಳು ಇಬ್ಬರೂ ಕ್ಷೇಮ ತಾನೇ? ನಿನ್ನ ಮಂಡಿ ನೋವು ಹೇಗಿದೆ? ಮಗುವನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿಳಿಯಬೇಡ ಎಂದರೆ ನೀನು ಕೇಳುವವಳಲ್ಲ, ಗೊತ್ತು. ನೀನು ಫೋನ್ ಮಾಡಿದಾಗಲೆಲ್ಲ "ಚೆನ್ನಾಗಿದೀನಿ ಕಣೇ" ಎಂದು ಇಟ್ಟುಬಿಡುತ್ತೇನಲ್ಲ, ಅದು ಅರ್ಧ ಸುಳ್ಳು. ನಿಜ ಹೇಳಲು ಹೊರಟರೆ ನೀನು ನಡುವೆ ಬಾಯಿ ಹಾಕುತ್ತೀಯಾ. ಅದಕ್ಕೇ ಈ ಕಾಗದ.

ಆರು ಕೀಮೋದಲ್ಲಿ ಐದು ಮುಗಿದವು. ಕೊನೆಯದು ಈ ಗುರುವಾರ. ಗುಂಡಿ ಹಾಕಿಸಿಕೊಳ್ಳಲು ಬಂದವರೂ "ಇನ್ನೊಂದೇ ತಾನೇ" ಎಂದು ಹೇಳಿ ಹೋಗುತ್ತಾರೆ. ಇನ್ನೊಂದೇ ಅಂತೆ! ಚುಚ್ಚಿಸಿಕೊಳ್ಳುವವಳು ನಾನು. ಕೂತಲ್ಲಿ ಕೂರಲಾಗುತ್ತಿಲ್ಲ ಅಕ್ಕಾ. ಬೆಳಿಗ್ಗೆಯಿಂದ ಗುಂಡಿ ಡಬ್ಬಿಗಳನ್ನು ಎರಡು ಸಲ ಸುರಿದು ಮತ್ತೆ ತುಂಬಿದೆ, ಬೇಡದಿದ್ದರೂ ಮಿಷಿನ್‌ಗೆ ಎಣ್ಣೆ ಬಿಟ್ಟೆ, ಬಾಗಿಲವರೆಗೆ ಹೋಗಿ ಯಾಕೆ ಬಂದೆನೆಂದು ಮರೆತು ವಾಪಸು ಬಂದೆ. ಇಷ್ಟು ಬರೆಯುವಷ್ಟರಲ್ಲಿ ಮೂರು ಸಲ ಎದ್ದಿದ್ದೇನೆ.

ವಿಷಯ ಏನೆಂದರೆ, ಬೆರಳ ತುದಿಗಳಿಗೆ ಜೋಮು ಹಿಡಿದಿದೆ. ನಾಲ್ಕನೆಯದರ ನಂತರ ಶುರುವಾದದ್ದು ಬಿಟ್ಟೇ ಇಲ್ಲ. ಹೋದ ವಾರ ಯಾರದೋ ಬಿಳಿ ಶರ್ಟಿಗೆ ಕಾಲರ್ ಕೂಡಿಸುತ್ತಿದ್ದೆ. ಬಟ್ಟೆಯ ಮೇಲೆ ಕೆಂಪು ಚುಕ್ಕೆ ಕಂಡಮೇಲೇ ಸೂಜಿ ಬೆರಳಿಗೆ ಹೊಕ್ಕಿದ್ದು ತಿಳಿದದ್ದು. ಕೂದಲು ಹೋದಾಗ ನಾನು ಅತ್ತವಳಲ್ಲ, ಟೋಪಿ ಹೊಲಿದುಕೊಂಡೆ. ಬೆರಳೇ ಹೋದರೆ ಏನು ಮಾಡಲಿ, ನೀನೇ ಹೇಳು. ಡಾಕ್ಟರಮ್ಮ ಕೇಳಿದಾಗ "ಏನೂ ತೊಂದರೆ ಇಲ್ಲ" ಎಂದುಬಿಟ್ಟೆ. ಆರನೆಯದಕ್ಕೆ ಹೋಗುವುದೇ ಬೇಡ, ಬಂದದ್ದು ಬರಲಿ, ಇರುವಷ್ಟು ದಿನ ಹೊಲಿದುಕೊಂಡಿರುತ್ತೇನೆ ಎಂದು ಮನಸ್ಸಿನಲ್ಲೇ ತೀರ್ಮಾನ ಮಾಡಿಯಾಗಿತ್ತು.

ಬೈಯಬೇಡ, ಮುಂದೆ ಓದು. ಇಳಿದು ಇಳಿದು ಹಂಚಿಕಡ್ಡಿಯಾಗಿದ್ದೇನೆ, ಅಂಗಿಗಳೆಲ್ಲ ಮೈಮೇಲೆ ಜೋತಾಡುತ್ತವೆ. ನೀನು ಕೊಟ್ಟ ನೀಲಿ ಅಂಗಿಯನ್ನು ಪಕ್ಕದಲ್ಲಿ ಹಿಡಿದು ಬಿಗಿ ಮಾಡಿಕೊಂಡು, ಒಳಗೆ ಉಳಿದ ಬಟ್ಟೆಯನ್ನು ಕಚಕ್ಕನೆ ಕತ್ತರಿಸಿ ಚಿಂದಿ ಬುಟ್ಟಿಗೆ ಹಾಕಿದೆ. ಹೊಲಿಗೆ ಕಲಿಸುವಾಗ ಸ್ಕೇಲಿನಿಂದ ಕೈಗೆ ಹೊಡೆದು ನೀನು ಹೇಳುತ್ತಿದ್ದೆಯಲ್ಲ, "ಒಳಗೆ ಎರಡು ಬೆರಳು ಬಟ್ಟೆ ಬಿಡೇ, ನಾಳೆ ಮೈ ತುಂಬಿಕೊಂಡ್ರೆ ಬಿಚ್ಚಿ ಸಡಿಲ ಮಾಡ್ಬೇಡ್ವಾ?" ಎಂದು. ಇಪ್ಪತ್ತಾರು ವರ್ಷ ಯಾರ ಬಟ್ಟೆಗೂ ಮಾಡದ ತಪ್ಪನ್ನು ನನ್ನದಕ್ಕೇ ಮಾಡಿಕೊಂಡೆ. ಇನ್ನು ಮೈ ತುಂಬಿಕೊಳ್ಳುವುದು ಎಲ್ಲಿಂದ ಬಂತು ಎನ್ನಿಸಿತ್ತು. ಮಿಕ್ಕ ನಾಲ್ಕನ್ನು ನಮ್ಮ ಯಜಮಾನರ ಕೈಗೆ ಕೊಟ್ಟು "ಬಿಗಿ ಮಾಡಿ, ಒಳಗೆ ಉಳಿದದ್ದೆಲ್ಲ ಕತ್ತರಿಸಿಬಿಡಿ, ಚುಚ್ಚುತ್ತೆ" ಅಂದೆ. "ಹೂಂ" ಅಂದರು. ನಿನಗೆ ಗೊತ್ತಲ್ಲ, ಅವರ ಕತ್ತರಿ ಆಡುವಷ್ಟು ನಾಲಿಗೆ ಆಡುವುದಿಲ್ಲ.

ಇವತ್ತು ಬೆಳಿಗ್ಗೆ ಸುಮ್ಮನಿರಲಾರದೆ ಅದರಲ್ಲೊಂದನ್ನು ಒಳಮೈ ಹೊರಗೆ ತಿರುಗಿಸಿ ನೋಡಿದೆ, ತಪ್ಪು ಹುಡುಕಿ ಜಗಳ ತೆಗೆಯೋಣ ಎಂದು. ಒಂದಿಷ್ಟೂ ಕತ್ತರಿಸಿಲ್ಲ ಅಕ್ಕಾ! ಎರಡೂ ಪಕ್ಕ ಬಟ್ಟೆಯನ್ನು ಹಾಗೇ ಮಡಚಿ, ಚುಚ್ಚದಂತೆ ಮೆತ್ತನೆ ಪಟ್ಟಿ ಇಟ್ಟು, ಉದ್ದುದ್ದ ಸಡಿಲ ಹೊಲಿಗೆ ಹಾಕಿದ್ದಾರೆ, ಒಂದು ನೂಲು ಎಳೆದರೆ ಬಿಚ್ಚಿಕೊಳ್ಳುವ ಹಾಗೆ. ನಾಲ್ಕರಲ್ಲೂ ಅಷ್ಟೇ. "ನಾನು ಹೇಳಿದ್ದೇನು, ನೀವು ಮಾಡಿದ್ದೇನು?" ಎಂದು ಕೂಗಾಡಿದೆ. ಅವರು ತಲೆಯೆತ್ತದೆ, "ಮತ್ತೆ ಬಿಚ್ಚಬೇಕಲ್ಲ ಕಣೇ" ಅಂದು ಬಟ್ಟೆಯ ಮೇಲೆ ಗೆರೆ ಎಳೆಯುತ್ತ ನಿಂತರು. ಆ ಗೆರೆ ಸೊಟ್ಟಗಿತ್ತು. ಅವರ ಕೈಯಲ್ಲಿ ಸೊಟ್ಟ ಗೆರೆಯನ್ನು ನಾನು ಯಾವತ್ತೂ ನೋಡಿಲ್ಲ. ಟ್ರಯಲ್ ನೋಡುವ ಪರದೆಯ ಹಿಂದೆ ಹೋಗಿ ಗಳಗಳ ಅತ್ತೆ.

ಮಗಳಿಗೆ ನನ್ನ ಆಶೀರ್ವಾದ ಹೇಳು. ಪುಟ್ಟಿಯ ಎರಡೂ ಕೆನ್ನೆಗೆ ನನ್ನ ಲೆಕ್ಕದಲ್ಲಿ ಒಂದೊಂದು ಮುತ್ತು ಕೊಡು. ಇವರು ನಮಸ್ಕಾರ ಹೇಳಿದ್ದಾರೆ. ಅಂದರೆ, ಬರೆಯಲಾ ಎಂದು ಕೇಳಿದ್ದಕ್ಕೆ ತಲೆಯಾಡಿಸಿದ್ದಾರೆ.

ಇಂತಿ ನಿನ್ನ ಹಟಮಾರಿ ತಂಗಿ

ತಾ.ಕ.: ಈಗ ತಾನೇ ಡಾಕ್ಟರಮ್ಮನಿಗೆ ಫೋನ್ ಮಾಡಿ ಬೆರಳಿನ ವಿಷಯ ಹೇಳಿದೆ. ಮುಚ್ಚಿಟ್ಟಿದ್ದಕ್ಕೆ ಚೆನ್ನಾಗಿ ಬೈದರು. ಬೆರಳು ಪರೀಕ್ಷೆ ಮಾಡಿ ನೋಡಿ, ಔಷಧಿಯ ಪ್ರಮಾಣ ಕಡಿಮೆ ಮಾಡಬಹುದಂತೆ. ಜೋಮು ಪೂರ್ತಿ ಹೋಗುತ್ತದೆ ಎಂದು ಮಾತ್ರ ಮಾತು ಕೊಡಲಿಲ್ಲ. ಆದರೂ ಗುರುವಾರ ಹೋಗುತ್ತೇನೆ. ನೀನು ಬರುವಾಗ ಆ ನೀಲಿ ಬಟ್ಟೆಯದೇ ಒಂದು ತುಂಡು ಹುಡುಕಿಕೊಂಡು ಬಾ, ಅಂಗಿಯ ಪಕ್ಕಕ್ಕೆ ಕೂಡಿಸಬೇಕು. ಎರಡು ಬೆರಳು ಜಾಸ್ತಿಯೇ ತಾ.