ಕೆಳಸಾಲಿನ ಸೀಸೆ

ಮಾನ್ಯ ಓಬಮ್ಮನವರಿಗೆ,

ಕ್ರಿಸ್ತಶಕ ೨೩೭೪ರಿಂದ ವಂದನೆಗಳು. ಮೊದಲು ಒಂದು ತಪ್ಪನ್ನು ತಿದ್ದಬೇಕಾಗಿದೆ. ನೀಲಿಗಂಟಲು ಎಂಬ ಜ್ವರದ ಮದ್ದನ್ನು ನಮ್ಮ ಯಂತ್ರಗಳು ಕಂಡುಹಿಡಿದವೆಂದು ಮೇಲುದಂಡೆ ವಸತಿಯ ವರದಿಯಲ್ಲಿ ಹೇಳಲಾಗಿದೆ. ಅದನ್ನು ಬರೆದವನು ನಾನೇ. ಅದು ಸರಿಯಲ್ಲ. ಹಿರಿಯೂರಿನ ಶಾಲೆಯೊಂದರಲ್ಲಿ ಮಕ್ಕಳಿಗೆ ಬಿಸಿಯೂಟ ಮಾಡಿ ಬಡಿಸುತ್ತಿರುವ ನಿಮ್ಮ ರಕ್ತದಿಂದ ಆ ಮದ್ದು ಬಂದಿತು. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮೆಯಿರಲಿ. ನಲವತ್ತು ವರ್ಷ ಶರೀರಶಾಸ್ತ್ರ ಕಲಿಸಿದವನು, ಬಿಡಿಸಿ ಹೇಳುತ್ತೇನೆ.

ನಮ್ಮಲ್ಲಿ ಕಿರಿಯರು ಎದುರಾದಾಗ ಹಿರಿಯರು ಅವರ ದವಡೆಯ ಕೆಳಗೆ ಎರಡು ಬೆರಳಿಟ್ಟು ನೋಡುತ್ತಾರೆ. ಅಲ್ಲಿರುವ ಕಾಳಿನಂಥ ದುಗ್ಧರಸ ಗ್ರಂಥಿಗಳು ಊದಿದ್ದರೆ ಒಳಗೆ ಕಾದಾಟ ನಡೆದಿದೆಯೆಂದು ಅರ್ಥ. ಇದನ್ನು ‘ಗಂಟುನೋಟ’ ಎನ್ನುತ್ತೇವೆ. ನಮಗೆ ಇದೇ ನಮಸ್ಕಾರ. ಎದೆಮೂಳೆಯ ಹಿಂದಿರುವ ಥೈಮಸ್ ಗ್ರಂಥಿಗೆ ನನ್ನ ವಿದ್ಯಾರ್ಥಿಗಳು ‘ಒಳಶಾಲೆ’ ಎಂದು ಹೆಸರಿಟ್ಟಿದ್ದರು. ಮೂಳೆಯ ಮಜ್ಜೆಯಲ್ಲಿ ಹುಟ್ಟಿದ ಎಳೆಯ ಬಿಳಿ ಕಣಗಳು ಅಲ್ಲಿ ಪರೀಕ್ಷೆಗೆ ಕೂರುತ್ತವೆ. ತನ್ನ ದೇಹವನ್ನೇ ಹೊಡೆಯುವ ಕಣವನ್ನು ಹೊರಗೆ ಬಿಡುವುದಿಲ್ಲ. ನೂರಕ್ಕೆ ನಾಲ್ಕೈದು ಮಾತ್ರ ಉತ್ತೀರ್ಣ. ನನಗಿಂತ ಕಟ್ಟುನಿಟ್ಟಿನ ಪರೀಕ್ಷಕ ಅದೊಂದೇ ಎಂದು ನನ್ನ ಮಗಳು ಹಂಗಿಸುತ್ತಾಳೆ.

ವಸತಿಯ ನಡುವೆ ‘ನೆನಪಿನ ಕಣಜ’ ಎಂಬ ತಣ್ಣನೆಯ ಕಟ್ಟಡವಿದೆ. ನಿಮ್ಮ ಕಾಲದಿಂದಲೂ ಜನ ಕೊಟ್ಟ ರಕ್ತದ ಸೀಸೆಗಳು ಅಲ್ಲಿವೆ. ಒಮ್ಮೆ ಕಂಡ ರೋಗವನ್ನು ಮರೆಯದ ಕಣಗಳು ಅವುಗಳಲ್ಲಿ ನಿದ್ರಿಸುತ್ತಿವೆ. ಆರೋಗ್ಯವಂತರ ಸೀಸೆಗಳಿಗೆ ಮೇಲಿನ ಸಾಲು, ಪದೇ ಪದೇ ಕಾಯಿಲೆ ಬಿದ್ದವರ ಸೀಸೆಗಳಿಗೆ ಕೆಳಗಿನ ಸಾಲು ಎಂಬುದು ನಮ್ಮ ಪದ್ಧತಿ. ಜಾಗ ಸಾಲದಾದಾಗ ಕೆಳಸಾಲನ್ನು ಖಾಲಿ ಮಾಡಬೇಕೆಂದು ಸಮಿತಿ ತೀರ್ಮಾನಿಸಿತು. ಸದಸ್ಯನಾಗಿದ್ದ ನಾನು ಸಹಿ ಹಾಕಿದೆ. ಕಣಜದ ಪಾಲಕಿ ಗಿರಿಜವ್ವ ನಾಳೆ, ನಾಡಿದ್ದು ಎನ್ನುತ್ತ ಮುಂದೂಡಿದರು. ನಾನು ಮೂರು ಸಲ ಜ್ಞಾಪನಪತ್ರ ಕಳಿಸಿದೆ.

ಅಷ್ಟರಲ್ಲಿ ನೀಲಿಗಂಟಲು ಬಂತು. ಗಂಟಲು ಬಿಗಿದು ತುಟಿ ನೀಲಿಗಟ್ಟುವ ಜ್ವರವಿದು. ನಿಮ್ಮ ಕಾಲದಲ್ಲಿ ಇದು ನೆಗಡಿಯಂತೆ ಬಂದು ಹೋಗುತ್ತಿತ್ತಂತೆ. ಇನ್ನೂರು ವರ್ಷ ಮರೆಯಾಗಿದ್ದು ಬಲಿತು ಮರಳಿತ್ತು. ನನ್ನ ಆರು ವರ್ಷದ ಮೊಮ್ಮಗಳು ಇಳಾ ಹಾಸಿಗೆ ಹಿಡಿದಳು. ಮೇಲಿನ ಸಾಲಿನ ಸೀಸೆಗಳನ್ನೆಲ್ಲ ಪರೀಕ್ಷಿಸಿದರು. ಒಂದಕ್ಕೂ ಆ ರೋಗದ ಗುರುತು ಹತ್ತಲಿಲ್ಲ. ನಾನು ಕಣಜದ ಬಾಗಿಲಲ್ಲಿ ಹೋಗಿ ನಿಂತೆ. ಗಿರಿಜವ್ವನೇ ಹೇಳಿದರು: “ಜಡ್ಡೇ ಬೀಳದವರ ರಕ್ತಕ್ಕ ಏನು ನೆನಪಿರತೈತ್ರಿ, ಮಾಸ್ತರ? ಕೆಳಗಿನ ಸಾಲು ಹಂಗ ಐತಿ. ಬರ್ರಿ.”

ನಿಮ್ಮ ಸೀಸೆಗೆ ಅಂಟಿಸಿದ್ದ ಚೀಟಿಯಲ್ಲಿ ಹೀಗಿತ್ತು: ‘ವರ್ಷಕ್ಕೆ ಆರು ಸಲ ಜ್ವರ. ಮಕ್ಕಳಿಗೆ ಬಂದಿದ್ದೆಲ್ಲ ನನಗೂ ಬರ್ತದೆ. ನನ್ನ ರಕ್ತ ಯಾರಿಗೆ ಬೇಕು ಅಂತ ಗೇಟಿನಿಂದಲೇ ವಾಪಸ್ ಹೋಗೋಳಿದ್ದೆ.’ ನಿಮ್ಮ ಕಣಗಳು ಎಚ್ಚರಗೊಂಡವು. ಶತ್ರುವಿನ ಗುರುತು ಹಿಡಿದು ಎರಡೇ ದಿನದಲ್ಲಿ ಪ್ರತಿಕಾಯಗಳನ್ನು ತಯಾರಿಸಿದವು. ಅವನ್ನೇ ಇಳಾಗೆ ಕೊಟ್ಟರು. ಐದನೆಯ ದಿನ ಅವಳು ಗಂಜಿಯ ತಟ್ಟೆಯನ್ನು ತಳ್ಳಿ, ಚಿತ್ರಾನ್ನ ಬೇಕೆಂದು ಹಠ ಹಿಡಿದಳು. ನನ್ನ ಸಹಿಯಂತೆ ಎಲ್ಲವೂ ನಡೆದಿದ್ದರೆ ಆ ಹಠ ಕೇಳುವ ಭಾಗ್ಯ ನನಗಿರುತ್ತಿರಲಿಲ್ಲ. ನಿಮಗೂ, ನಿಮ್ಮನ್ನು ಕಾಡಿದ ಒಂದೊಂದು ಜ್ವರಕ್ಕೂ ನಾನು ಕೃತಜ್ಞ.

ಆದರೆ ಕಾಲದಲ್ಲಿ ಹಿಂದಕ್ಕೆ ಕಳಿಸುತ್ತಿರುವ ಈ ಪತ್ರ ನಿಮ್ಮ ಕೈಸೇರುವಾಗ ಆ ಚೀಟಿಯನ್ನು ನೀವಿನ್ನೂ ಬರೆದಿರುವುದಿಲ್ಲ. ಮುಂದಿನ ತಿಂಗಳ ಒಂದು ಗುರುವಾರ, ರಕ್ತದಾನ ಶಿಬಿರದ ಗೇಟಿನ ಮುಂದೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ನೀವು ನಿಲ್ಲುವಿರಿ. ಜೀವಮಾನವೆಲ್ಲ ಆಜ್ಞೆ ಮಾಡಿಯೇ ಅಭ್ಯಾಸವಾದವನು ಈಗ ಬೇಡಿಕೊಳ್ಳುತ್ತಿದ್ದೇನೆ, ತಾಯಿ. ಒಳಗೆ ಹೋಗಿ.

ಇತಿ,
ಚನ್ನವೀರಪ್ಪ ಅಗಡಿ, ನಿವೃತ್ತ ಶಿಕ್ಷಕ
ಮೇಲುದಂಡೆ ವಸತಿ
೯ ಆಗಸ್ಟ್ ೨೩೭೪, ಬೆಳಗ್ಗೆ ಹತ್ತು ಗಂಟೆ ಹನ್ನೆರಡು ನಿಮಿಷ