ಎರಡು ವೋಲ್ಟ್

ನವೆಂಬರ್ ೧೪, ರಾತ್ರಿ ಹನ್ನೊಂದು.

ಎಂಟು. ಆರು ಇರಬೇಕಿದ್ದ ಕಡೆ ಎಂಟು. ಊಟದ ತಟ್ಟೆಯಲ್ಲೂ ಅದೇ ಕಂಡಿತು.

ಕಾರ್ಖಾನೆಯಲ್ಲಿ ಹೊಸ ಪರೀಕ್ಷೆಗೆಂದು, ವೋಲ್ಟೇಜನ್ನು ಬರೆದುಕೊಟ್ಟಂತೆ ಏರಿಳಿಸುವ ಪವರ್ ಸಪ್ಲೈನ ಫಂಕ್ಷನ್ ಜನರೇಟರಿನಲ್ಲಿ ಎರಡು ವರ್ಷದ ಹಿಂದಿನ ನನ್ನ ಅಲೆಯನ್ನು ತೆರೆದೆ. ಆಂಬುಲೆನ್ಸ್ ಸ್ಟಾರ್ಟ್ ಆಗುವಾಗ ಬ್ಯಾಟರಿಯ ಹನ್ನೆರಡು ವೋಲ್ಟ್ ಕ್ಷಣಕಾಲ ಆರಕ್ಕೆ ಕುಸಿಯುತ್ತದೆ. ಆಗಲೂ ಅದೇ ಬ್ಯಾಟರಿಯಿಂದ ನಡೆಯುವ ಉಸಿರಾಟದ ಯಂತ್ರ ನಿಲ್ಲಬಾರದು. ಆ ಕುಸಿತವನ್ನೇ ಅಲೆಯಾಗಿ ಬರೆದು ಯಂತ್ರಕ್ಕೆ ಉಣಿಸುವುದು ನನ್ನ ಕೆಲಸ. ಅಂದು ಕಾರು ರೇಡಿಯೋದ ಪರೀಕ್ಷೆಗೆ ಬರೆದಿದ್ದ ಅಲೆಯನ್ನು ನಕಲು ಮಾಡಿ, ತಳದ ಅಂಕಿಯನ್ನು ಎಂಟರಿಂದ ಆರಕ್ಕೆ ಬದಲಿಸಲು ಮರೆತಿದ್ದೆ. ‘ಅಲೆ ಇಳಿಯಿತು, ತಲೆನೋವು ಕಳೆಯಿತು’ ಎಂದು ಪ್ರಾಸ ಬೇರೆ ಹೊಸೆದಿದ್ದೆ.

ಬೀರುವಿನಲ್ಲಿದ್ದ ಮಾದರಿ ಯಂತ್ರಕ್ಕೆ ಇವತ್ತು ಆರು ಕೊಟ್ಟೆ. ಪರದೆ ಕಪ್ಪಾಯಿತು. ಅಲಾರಂ ಕೂಡ ಕೂಗಲಿಲ್ಲ.

“ಯಾಕಪ್ಪ, ದೆವ್ವ ಕಂಡೋನ ಥರ ನಿಂತ್ಬಿಟ್ಟೆ?” ಎಂದರು ಬೆಸುಗೆ ಹಾಕುವ ಅಕ್ಕ.

“ದೆವ್ವ ಅಲ್ಲಕ್ಕ, ಪಾಸ್ ಅಂತ ಬರೆದ ಹಳೇ ವರದಿ ಮೇಲೆ ನನ್ನದೇ ಸಹಿ.”

ಅಂಥವೇ ಮುನ್ನೂರು ಯಂತ್ರಗಳು ಆಂಬುಲೆನ್ಸ್‌ಗಳಲ್ಲಿ ಊರೂರು ಸುತ್ತುತ್ತಿವೆ. ಒಂದು ದೂರೂ ಬಂದಿಲ್ಲವಲ್ಲ ಎಂದು ಸಮಾಧಾನ ಹೇಳಿಕೊಂಡೆ. ದೂರು ಕೊಡಬೇಕಾದವರು ಉಳಿದಿದ್ದಾರೆಯೇ?

ಬೆಳಗ್ಗೆ ಸಾಹೇಬರಿಗೆ ಹೇಳಿದರಾಯಿತೆಂದು ಮಲಗಿದೆ. ಬೀದಿಯಲ್ಲಿ ಯಾವುದೋ ಗಾಡಿ ಕರ್ ಕರ್ ಎಂದು ಸ್ಟಾರ್ಟ್ ಆಯಿತು.

“ಯಾಕ್ರೀ, ಉಸಿರು ಬಿಗಿ ಹಿಡ್ಕೊಂಡಿದೀರಾ?” ಎಂದಳು ಹೆಂಡತಿ.

ಎದ್ದು ಬಂದೆ. ಬೆಳಗಾಗುವಷ್ಟರಲ್ಲಿ ಎಷ್ಟು ಆಂಬುಲೆನ್ಸ್ ಸ್ಟಾರ್ಟ್ ಆಗಲಿವೆಯೋ. ಕೆಲಸ ಹೋದರೆ ಹೋಗಲಿ. ಬಲಗೈಯಲ್ಲಿ ಪೆನ್ನು, ಎಡಗೈಯಲ್ಲಿ ಫೋನು. ಸಾಹೇಬರ ಮನೆಯಲ್ಲಿ ರಿಂಗಾಗುತ್ತಿದೆ. ಏನೆಂದು ಶುರು ಮಾಡಲಿ, ಎಂಟು ಎಂದೋ, ಆರು ಎಂದೋ,

ಎತ್ತಿದರು